ಬಿಳಿಯಂಗಿಯವರು ಗೆದ್ದ ಭಾನುವಾರ

ನನಗೆ ಅನ್ಯಾಯವಾಗಿದೆ. ಕಳೆದ ಭಾನುವಾರ ನನ್ನ ಆಸ್ಟ್ರಿಯಾದ ಸೈನ್ಯವು ಪ್ರಷ್ಯಾದ ಸೈನ್ಯವನ್ನು ಮೊತ್ತಮೊದಲ ಬಾರಿಗೆ, ನಿಯಮಬದ್ಧವಾಗಿ ಸೋಲಿಸಿತು. ಆ ಗೆಲುವನ್ನು ನನ್ನ ಇಬ್ಬರು ಹಳೆಯ ಸ್ನೇಹಿತರು ಸೇರಿ, ಲೋಟದ ಕಾಫಿ ಆರುವಷ್ಟರಲ್ಲಿ ರದ್ದುಪಡಿಸಿದರು. ಇದನ್ನು ಬರೆಯುತ್ತಿರುವ ಮೇಜಿನ ಮೇಲೆ ಈಗ ಒಂದು ಸ್ಟೀಲ್ ಡಬ್ಬಿಯಿದೆ. ಅದರೊಳಗೆ ಗಿಣ್ಣು. ಬೆಲ್ಲ, ಏಲಕ್ಕಿಗಳ ಪರಿಮಳ ಮುಚ್ಚಳವನ್ನು ಮೀರಿ ಬರುತ್ತಿದೆ. ನಾನಿನ್ನೂ ಮುಟ್ಟಿಲ್ಲ. ಏಕೆಂದು ಹೇಳುತ್ತೇನೆ, ಸ್ವಲ್ಪ ಸಾವಧಾನ ಬೇಕು.

ಸೈನ್ಯವೆಂದರೆ ಗಾಬರಿಯಾಗಬೇಡಿ. ನನ್ನ ಒಬ್ಬೊಬ್ಬ ಸಿಪಾಯಿಯೂ ಕಿರುಬೆರಳಿನ ಅರ್ಧದಷ್ಟು ಎತ್ತರದ ಲೋಹದ ಗೊಂಬೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರಿಯಾಕ್ಕೂ ಪ್ರಷ್ಯಾಕ್ಕೂ ಬೊಹೀಮಿಯಾದಲ್ಲಿ ನಡೆದ ಯುದ್ಧವನ್ನು ಅಳತೆಪಟ್ಟಿ ಮತ್ತು ದಾಳಗಳನ್ನು ಹಿಡಿದು ಮೇಜಿನ ಮೇಲೆ ಮತ್ತೆ ಮಾಡುವುದು ನಮ್ಮ ಆಟ. ಒಂದೇ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ನಾವು: ಚರಿತ್ರೆಯ ನಾನು, ಡ್ರಿಲ್ ಮೇಷ್ಟ್ರಾಗಿದ್ದ ಹೊಣಕೆರೆಯ ಬೋರೇಗೌಡರು, ಗಣಿತದ ಸುಬ್ಬಣ್ಣ. ಪಾಂಡವಪುರದಲ್ಲಿರುವ ಸುಬ್ಬಣ್ಣನ ಮಹಡಿ ಕೋಣೆಯೇ ರಣರಂಗ; ಅವನೇ ತೀರ್ಪುಗಾರ.

ಆಟ ಶುರುವಾದ ದಿನವೇ ಗೌಡರು ಪ್ರಷ್ಯಾವನ್ನು ಆರಿಸಿಕೊಂಡರು, ಚರಿತ್ರೆಯಲ್ಲಿ ಗೆದ್ದವರು ಅವರೆಂದು. ನನ್ನ ಕಡೆ ತಿರುಗಿ, "ಸೋತೋರು ನಿಮ್ಗೇ ಇರ್ಲಿ ಬುಡಿ ಮೇಷ್ಟ್ರೇ. ಎಂಗಿದ್ರೂ ಸೋತ ಕೋಟೆಯೋರು ನೀವು" ಎಂದರು. ನಾನು ಶ್ರೀರಂಗಪಟ್ಟಣದವನು, ಕೋಟೆಯೊಳಗೇ ಹುಟ್ಟಿ ಬೆಳೆದವನು. ಸುಬ್ಬಣ್ಣ ನಕ್ಕ. ಆ ಮಾತನ್ನು ನಾನು ಮರೆತೆನೆಂದು ಅವರಿಬ್ಬರೂ ತಿಳಿದಿರಬಹುದು.

ಒಲ್ಲದೆ ಹಿಡಿದ ಆ ಸೈನ್ಯವೇ ಕ್ರಮೇಣ ನನ್ನ ಕುತೂಹಲವನ್ನು ಹಿಡಿದುಕೊಂಡಿತು. ಆ ಸಿಪಾಯಿಗಳ ಅಂಗಿ ಬಿಳಿ. ಕೆಸರಿನಲ್ಲಿ ಹೊರಳುವ ಕೆಲಸಕ್ಕೆ ಬಿಳಿ ಬಟ್ಟೆ ಕೊಟ್ಟ ಪುಣ್ಯಾತ್ಮ ಯಾರು? ಒಗೆಯುವವರು ಯಾರು? ಓದಿ ನೋಡಿದರೆ, ಕಲೆಗಳ ಮೇಲೆ ಸುಣ್ಣದ ಬಳಪದಂಥ ಪುಡಿಯನ್ನು ಬಳಿದು ಮುಚ್ಚುತ್ತಿದ್ದರಂತೆ. ಸೀಮೆಸುಣ್ಣದ ಧೂಳಿನಲ್ಲೇ ಆಯುಷ್ಯ ಕಳೆದ ನನಗೆ ಅವರು ನಮ್ಮವರೆನಿಸಿದ್ದು ಆ ಗಳಿಗೆಯಲ್ಲಿ. ಗೊಂಬೆಗೆ ಬಿಳಿ ಬಣ್ಣ ಹಚ್ಚುವುದು ಸುಲಭವೆಂದುಕೊಳ್ಳಬೇಡಿ. ನೇರವಾಗಿ ಹಚ್ಚಿದರೆ ಗೋಡೆಗೆ ಸುಣ್ಣ ಹೊಡೆದಂತೆ ಕಾಣುತ್ತದೆ. ಮೊದಲು ಬೂದಿ ಬಣ್ಣ, ಅದರ ಮೇಲೆ ಹಳೆಯ ಪಂಚೆಯ ಬಣ್ಣ, ಉಬ್ಬಿದ ಕಡೆಗೆ ಮಾತ್ರ ಬಿಳಿ.

ಕೊರಳಪಟ್ಟಿಯದು ಇನ್ನೊಂದು ಕಷ್ಟ. ಪಡೆಯಿಂದ ಪಡೆಗೆ ಅದರ ಬಣ್ಣ ಬೇರೆ, ಕೆಂಪಿನಲ್ಲೇ ಹಲವು ಬಗೆ. ಒಮ್ಮೆ ಬಣ್ಣ ಬೆರೆಸಲು ಮಾದರಿ ಹುಡುಕುತ್ತ ಕೆ.ಆರ್. ಪೇಟೆಯಲ್ಲಿ ಬ್ಲೌಸ್ ಪೀಸಿನ ಅಂಗಡಿಗೆ ಹೋಗಿ, ಬಣ್ಣದ ಚಿತ್ರವೊಂದನ್ನು ಮುಂದಿಟ್ಟು, ಇದಕ್ಕೆ ಹೊಂದುವ ಕೆಂಪು ಬೇಕೆಂದೆ. ಅಂಗಡಿಯವನು ಥಾನುಗಳನ್ನೆಲ್ಲ ಹರವಿ, "ಎಷ್ಟ್ ಮೀಟ್ರು ಕೊಡ್ಲಿ ಸಾ?" ಎಂದ. "ಒಂದು ಉಗುರಿನಷ್ಟು ಸಾಕು" ಎಂದೆ. ಪಕ್ಕದಲ್ಲಿದ್ದ ಹೆಂಗಸು, "ಪಾಪ, ವಯಸ್ಸಾಗ್ಯದೆ" ಎಂದಳು. ಅದನ್ನೂ ನಾನು ಮರೆತಿಲ್ಲ.

ಬೊಹೀಮಿಯಾದ ಗುಡ್ಡವನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಥರ್ಮೋಕೋಲಿನಲ್ಲಿ ನಮ್ಮೂರ ಪಕ್ಕದ ಕರಿಘಟ್ಟವನ್ನೇ ಕೆತ್ತಿದೆ, ದೇವಸ್ಥಾನ ಒಂದನ್ನು ಬಿಟ್ಟು. ಒಣಗಿದ ತುಳಸಿಕಡ್ಡಿಗಳು ಕಾಡಾದವು. ಆ ಗುಡ್ಡದ ಮೇಲೆ ಪ್ರತಿ ಸಲವೂ ಗೌಡರ ನೀಲಿಯಂಗಿಯವರು ಕುಳಿತು, ಮಲಗಿಕೊಂಡೇ ತುಂಬಬಹುದಾದ ಬಂದೂಕಿನಿಂದ, ನನ್ನ ಒಂದು ದಾಳಕ್ಕೆ ಎರಡು ದಾಳ ಎಸೆದು ನನ್ನವರನ್ನು ಮಲಗಿಸುತ್ತಿದ್ದರು. ಗೆದ್ದ ಕಡೆಯ ರಾಜಧಾನಿಯ ಹೆಸರನ್ನು ಮುಂದೆ ಹುಟ್ಟುವ ಕರುವಿಗೆ ಇಡುವುದು ಗೌಡರ ಪದ್ಧತಿ. ಪರಿಣಾಮವಾಗಿ ಅವರ ಕೊಟ್ಟಿಗೆಯಲ್ಲಿ ದೊಡ್ಡ ಬರ್ಲಿನ್, ಚಿಕ್ಕ ಬರ್ಲಿನ್, ಹಾಯುವ ಬರ್ಲಿನ್ ಎಂಬ ಹಸುಗಳಿವೆ.

ಕಳೆದ ಭಾನುವಾರ ಆಟ ಅರ್ಧಕ್ಕೆ ಬಂದಿದ್ದಾಗ ಗೌಡರ ಫೋನು ಬಡಿದುಕೊಂಡಿತು. ಅವರ ಹೆಂಡತಿ. "ಚಿಕ್ಕ ಬರ್ಲಿನ್ ನೋವು ತಿಂತಾವ್ಳಂತೆ" ಎಂದು ಗೌಡರು ಎದ್ದರು, ಕೂತರು, ಮತ್ತೆ ಎದ್ದರು. ಬೇಗ ಮುಗಿಸುವ ಆತುರದಲ್ಲಿ ಗುಡ್ಡದ ಮೇಲಿನವರನ್ನೆಲ್ಲ ಕೆಳಗಿಳಿಸಿ ನನ್ನ ಮೇಲೆ ನುಗ್ಗಿಸಿದರು. ತುಳಸಿಕಾಡಿನ ಹಿಂದೆ ನಾನು ಅಡಗಿಸಿಟ್ಟಿದ್ದ ಬಿಳಿಯಂಗಿಯವರು ಬರಿದಾದ ಕರಿಘಟ್ಟವನ್ನು ಹತ್ತಿದರು. ದಾಳವೂ ಒಲಿಯಿತು. ಗುಡ್ಡ ನನ್ನದಾಯಿತು, ಗುಡ್ಡ ಯಾರದೋ ಗೆಲುವು ಅವರದೆಂಬುದು ನಿಯಮ.

"ಇದು ಲೆಕ್ಕುಕ್ಕಿಲ್ಲ ಕಣ್ರೀ ಮೇಷ್ಟ್ರೇ. ನನ್ ಜೀವ ಎಲ್ಲಾ ಕೊಟ್ಟಿಗೇಲಿತ್ತು" ಎಂದರು ಗೌಡರು, ಚಪ್ಪಲಿ ಮೆಟ್ಟಿಕೊಳ್ಳುತ್ತ.

ನಾನು ಸುಬ್ಬಣ್ಣನನ್ನು ನೋಡಿದೆ. ಅವನು ಕಾಫಿ ಊದುತ್ತ, "ಅವ್ರು ಯೋಳಾದೂ ಸರಿಯೇ ಬುಡಿ. ಮನ್ಸಿಲ್ದೆ ಆಡಿದ್ದು ಒಂದಾಟವಾ?" ಎಂದ.

"ನಿಯಮದಲ್ಲಿ ಹಸುವಿನ ವಿಚಾರ ಎಲ್ಲಿದೆ ಸುಬ್ಬಣ್ಣ?"

"ನೇಮ್ದಲ್ಲಿಲ್ಲ. ನ್ಯಾಯ್ದಲ್ಲಿ ಅದೆ."

ಹಿಂದೊಮ್ಮೆ ಹಲ್ಲುನೋವಿನಿಂದ ದವಡೆ ಊದಿಕೊಂಡು, ತಲೆಗೆ ಮಫ್ಲರ್ ಸುತ್ತಿ ಬಂದು ನಾನು ಆಡಿ ಸೋತಿದ್ದೆ. ಆ ಸೋಲು ಲೆಕ್ಕಕ್ಕೆ ಬಂದಿತ್ತು. ಇದನ್ನು ಜ್ಞಾಪಿಸಿದೆ. "ಅಲ್ಲು ನಿಮ್ದೇ ಅಲ್ವಾ? ಅಸು ಅಂಗಲ್ಲ, ಮೂಕ್ ಪ್ರಾಣಿ" ಎಂದು ಗೌಡರು ಮೆಟ್ಟಿಲಿಳಿದರು. ನಾನು ಬಿಳಿಯಂಗಿಯವರನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಬಸ್ಸು ಹತ್ತಿದೆ. ಇನ್ನು ಆ ಮೆಟ್ಟಿಲು ತುಳಿಯುವುದಿಲ್ಲವೆಂದು ನಿರ್ಧರಿಸಿದ್ದೆ.

ಈ ಬೆಳಿಗ್ಗೆ ಗೌಡರ ಸ್ಕೂಟರು ನನ್ನ ಬಾಗಿಲಿಗೆ ಬಂತು. ಒಳಗೆ ಬನ್ನಿ ಎಂದು ನಾನು ಅನ್ನಲಿಲ್ಲ, ಅವರೂ ಇಳಿಯಲಿಲ್ಲ. ಡಬ್ಬಿಯನ್ನು ಕೈಗಿತ್ತು, "ಎಣ್ಗರ ಕಣ್ರೀ. ತಾಯಿ ಮಗ್ಳು ಚೆಂದಾಗವ್ರೆ" ಎಂದರು.

ಲೋಕಾರೂಢಿಗೆಂದು ಕೇಳಿದೆ: "ಹೆಸರು? ಇನ್ನೊಂದು ಬರ್ಲಿನ್ನೋ?"

ಗೌಡರು ಗಾಡಿ ಸ್ಟಾರ್ಟ್ ಮಾಡಿ, ನನ್ನ ಮುಖ ನೋಡದೆ, "ವಿಯೆನ್ನಾ ಅಂತ ಮಡಗಿವ್ನಿ" ಎಂದು ಹೊರಟೇ ಹೋದರು.

ವಿಯೆನ್ನಾ ಆಸ್ಟ್ರಿಯಾದ ರಾಜಧಾನಿ. ಡ್ರಿಲ್ ಮೇಷ್ಟ್ರಿಗೆ ಅದು ಗೊತ್ತು. ಸ್ಟಾಫ್ ರೂಮಿನ ಭೂಪಟದಲ್ಲಿ ತೋರಿಸಿಕೊಟ್ಟವನು ನಾನೇ.

ಡಬ್ಬಿಯ ಮುಚ್ಚಳ ತೆಗೆದಿದ್ದೇನೆ. ಒಂದು ತುಂಡು ಬಾಯಿಗೆ ಹಾಕಿಕೊಂಡೂ ಆಯಿತು; ಗಿಣ್ಣಿನಲ್ಲಿ ಲೋಪವಿಲ್ಲ. ಮುಂದಿನ ಭಾನುವಾರಕ್ಕೆಂದು ಪೆಟ್ಟಿಗೆಯನ್ನೂ ಕೆಳಗಿಳಿಸಿದ್ದೇನೆ. ಆದರೆ ಮೆಟ್ಟಿಲು ಹತ್ತುವ ಮೊದಲು ನಿಮ್ಮಿಬ್ಬರಿಗೂ ಒಂದು ಪ್ರಶ್ನೆಯಿದೆ. ಬೋರೇಗೌಡರೇ, ಸುಬ್ಬಣ್ಣ, ಆ ಭಾನುವಾರದ ಗೆಲುವು ಲೆಕ್ಕಕ್ಕಿಲ್ಲವೆಂದಾದರೆ, ಆ ಕರುವಿಗೆ ವಿಯೆನ್ನಾ ಎಂಬ ಹೆಸರು ಯಾವ ನಿಯಮದ ಪ್ರಕಾರ ಬಂತು?