ಎಲೆತಟ್ಟೆಯ ಎದುರು ಪ್ರತಿಜ್ಞೆ

ಮನುಷ್ಯನ ಪತನಕ್ಕೆ ನಮ್ಮ ಭಾಷೆಯಲ್ಲಿರುವಷ್ಟು ಹೆಸರುಗಳು ಅವನ ಏಳಿಗೆಗೆ ಇಲ್ಲ. ವ್ರತಭಂಗ, ಪ್ರತಿಜ್ಞಾಭಂಗ, ನಿಯಮಭ್ರಷ್ಟತೆ ಎಂದು ಸಂಸ್ಕೃತದಲ್ಲಿ ಗಾಂಭೀರ್ಯದಿಂದ ಬೀಳಬಹುದು. ಜಾರುವುದು, ಕೆಡುವುದು, ಹಳೆ ಚಾಳಿಗೆ ಇಳಿಯುವುದು ಎಂದು ಕನ್ನಡದಲ್ಲಿ ಅಗ್ಗವಾಗಿಯೂ ಬೀಳಬಹುದು. ಮಾನವಕುಲದ ದೌರ್ಬಲ್ಯದ ಕುರಿತು ಹಿರಿಯರು ಎಷ್ಟು ಆಳವಾಗಿ ಚಿಂತಿಸಿದ್ದರೆಂಬುದಕ್ಕೆ ಇದು ಸಾಕ್ಷಿ. ನನ್ನ ವಿಷಯದಲ್ಲಿ ಇವೆಲ್ಲವೂ ಉಗುರಿನಷ್ಟು ಹೊಗೆಸೊಪ್ಪಿಗೆ ಸಂಬಂಧಪಟ್ಟವು.

ನಾನು ನಿವೃತ್ತ ಮಾಷ್ಟ್ರು. ನಲುವತ್ತು ವರ್ಷ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಜಗಿದವನು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ; ಆದರೂ ಕಾಫಿಗೆ ಎರಡು ಚಮಚ ಸಕ್ಕರೆ ಬೀಳದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಕಾಲಿನ ಹುಣ್ಣು ಎರಡು ತಿಂಗಳಾದರೂ ಒಣಗದೆ ಇದ್ದಾಗ ಡಾಕ್ಟರು, “ಹೀಗೇ ಸಕ್ಕರೆ ತಿಂದರೆ ಬೆರಳು ಉಳಿಯುವುದು ಕಷ್ಟ” ಎಂದರು. ಮನೆಗೆ ಬಂದವನೇ ನಾನು ಉಪದೇಶ ಆರಂಭಿಸಿದೆ. ಬಾಯಲ್ಲಿ ಎಲೆಯಿದ್ದುದರಿಂದ ಉಪದೇಶ ಸ್ವಲ್ಪ ತೊದಲಿತು.

“ಮೊದಲು ಅದನ್ನು ಉಗುಳಿ ಬನ್ನಿ,” ಎಂದಳು. “ನೀವು ಹೊಗೆಸೊಪ್ಪು ಬಿಟ್ಟ ದಿನ ನಾನು ಸಕ್ಕರೆ ಬಿಡ್ತೇನೆ. ನೀವು ಎಷ್ಟು ದಿನವೋ ನಾನೂ ಅಷ್ಟೇ ದಿನ.”

ಹೀಗೆ ಅವಳ ಕಾಲಬೆರಳು ನನ್ನ ನಾಲಿಗೆಯ ಸುಪರ್ದಿಗೆ ಬಂತು. ದೀಪ ಹಚ್ಚಿ ದೇವರೆದುರು ಇಬ್ಬರೂ ಮಾತು ಕೊಟ್ಟೆವು. ಮೊದಲ ವಾರದ ಸಿಡುಕಿನಲ್ಲಿ ನಮ್ಮೂರು ಕುಂಬ್ಡಾಜೆಯಲ್ಲಿ ನನಗೆ ಮಿತ್ರರೆಂಬವರು ಯಾರೂ ಕಾಣಲಿಲ್ಲ. ಅವಳು ಸಪ್ಪೆ ಕಾಫಿಯನ್ನು ಕಷಾಯದಂತೆ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಆದರೆ ಹುಣ್ಣು ಒಣಗತೊಡಗಿತು.

ನಲುವತ್ತೊಂದನೆಯ ದಿನ ಭಾನುವಾರ. ಮಧ್ಯಾಹ್ನ ಸೀತಾಂಗೋಳಿಯಲ್ಲಿ ತಾಳಮದ್ದಳೆ ಇತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದಕ್ಕೆ ನಾವು ಕೂತಲ್ಲಿಂದಲೇ ಪಾತ್ರವಾಗಿ ವಾದಿಸಬೇಕು. ನನಗೆ ಸಿಕ್ಕಿದ್ದು ಪ್ರತಿಜ್ಞೆಗಾಗಿ ರಾಜ್ಯವನ್ನೂ ಮದುವೆಯನ್ನೂ ಬಿಟ್ಟ ಪುರಾಣದ ಅಜ್ಜನ ಪಾತ್ರ. ಅವರ ಹೆಸರನ್ನು ಈ ಬರಹದಲ್ಲಿ ತಂದು ಮಾನ ಕಳೆಯುವುದಿಲ್ಲ. ಆ ಪ್ರತಿಜ್ಞೆಯಿಂದ ಬಾಳು ಕೆಟ್ಟ ರಾಜಕುಮಾರಿಯಾಗಿ ಎದುರಿಗೆ ಕೂತವರು ನೆರೆಮನೆಯ ನಿವೃತ್ತ ಪೋಸ್ಟ್ ಮಾಸ್ಟರು, ಪೊದೆಮೀಸೆಯವರು.

ಅರ್ಥ ಹೇಳುವವರ ನಡುವೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ತುಂಬಿದ ಎಲೆತಟ್ಟೆ ಇಡುವುದು ಕ್ರಮ. ಇಡದಿದ್ದರೆ ಕರೆದವರ ಮರ್ಯಾದೆ ಹೋಗುತ್ತದೆ. ಭಾಗವತರು ಹಾಡುತ್ತಿರುವಾಗ ಎಲೆಗೆ ಸುಣ್ಣ ಹಚ್ಚುವುದು, ಪದ ಮುಗಿಯುವ ಹೊತ್ತಿಗೆ ಕವಳ ಬಾಯಿಗಿಟ್ಟು ಗಂಟಲು ಸರಿಮಾಡುವುದು, ಆಮೇಲೆ ಮಾತು. ನಲುವತ್ತು ವರ್ಷ ನನ್ನ ಪದ್ಧತಿ ಇದೇ. ಅಂದೂ ಪದ ಮುಗಿಯಿತು. “ಸೂರ್ಯ ದಾರಿ ಬಿಡಲಿ, ಸಮುದ್ರ ಮೇರೆ ಮೀರಲಿ, ಕೊಟ್ಟ ಮಾತಿಗೆ ನಾನು ತಪ್ಪುವವನಲ್ಲ!” ಎಂದು ಗುಡುಗಿದೆ. ಸಭೆ ಚಪ್ಪಾಳೆ ತಟ್ಟಿತು. ಆಗಲೇ ಎಡಗೆನ್ನೆಯ ಒಳಗೆ ಪರಿಚಯದ ಉರಿಯೊಂದು ಗೊತ್ತಾಯಿತು.

ನನ್ನ ವ್ರತದ ಕಥೆ ಊರಿಗೇ ಗೊತ್ತಿತ್ತು. ರಾಜಕುಮಾರಿ ಮೀಸೆ ತೀಡಿದರು.

“ಮಾತಿಗೆ ತಪ್ಪದ ಮಹಾನುಭಾವರೇ, ತಮ್ಮ ಎಡಗೆನ್ನೆಯಲ್ಲಿ ಉಬ್ಬಿರುವುದು ಯಾವ ವ್ರತದ ಪ್ರಸಾದ?”

ತಾಳಮದ್ದಳೆಯಲ್ಲಿ ಉತ್ತರ ಕೊಡದವನು ಸೋತವನು. “ರಾಜಪುತ್ರೀ, ಶತ್ರುವನ್ನು ಹಿಡಿದು ದವಡೆಯಲ್ಲಿ ಸೆರೆಯಿಟ್ಟಿದ್ದೇನೆ,” ಎಂದೆ.

“ಸೆರೆಮನೆ ಸೋರುತ್ತಾ ಇದೆ. ಒರೆಸಿಕೊಳ್ಳಿ.”

ಭಾಗವತರಿಗೇ ನಗು ತಡೆಯದೆ ಮುಂದಿನ ಪದ ಶ್ರುತಿ ತಪ್ಪಿತು. ಸಂಘಟಕರು ಕಾರ್ಯಕ್ರಮವನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡುತ್ತಿದ್ದರು. ಮನೆಯಲ್ಲಿ ಕೂತು ತಪ್ಪದೆ ನೋಡುವವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ಮುಗಿದ ಮೇಲೆ ಚಹಾ ಕುಡಿಯುವಾಗ ಪೋಸ್ಟ್ ಮಾಸ್ಟರು, “ಮಲೆಯಾಳದಲ್ಲಿ ಗಾದೆ ಉಂಟಲ್ಲ ಮಾಷ್ಟ್ರೆ, ಎಷ್ಟು ಸಲ ಇಳಿಸಿದರೂ ಅವ ಪುನಃ ತೆಂಗಿನ ಮರದಲ್ಲೇ ಅಂತ,” ಎಂದು ಗಾಯಕ್ಕೆ ಉಪ್ಪು ಸವರಿ ಹೋದರು. ಉಪ್ಪಳದ ಬಟ್ಟೆ ವ್ಯಾಪಾರಿಯೊಬ್ಬರು ಬಳಿಗೆ ಬಂದರು. ಮನೆಮಾತು ಬ್ಯಾರಿಯಾದರೂ ತಾಳಮದ್ದಳೆ ಎಲ್ಲಿದ್ದರೂ ಮುಂದಿನ ಸಾಲಿನಲ್ಲಿ ಕೂರುವ ಹಳೆಯ ರಸಿಕರು ಅವರು.

“ಎಂತ ಮಾಷ್ಟ್ರೆ, ಮುಖ ಸಣ್ಣ ಮಾಡಿ ಕೂತದ್ದು? ನಮ್ಮಲ್ಲಿ ತೌಬಾ ಅಂತ ಉಂಟು. ತಪ್ಪಾಯ್ತು, ಇನ್ನು ಮಾಡುದಿಲ್ಲ ಅಂತ ದೇವರ ಹತ್ರ ಮನಸ್ಸಿಟ್ಟು ಹೇಳುದು.”

“ಪುನಃ ತಪ್ಪಿದರೆ ಸಾಹೇಬ್ರೆ?”

“ಪುನಃ ತೌಬಾ. ಆ ಬಾಗಿಲು ಮುಚ್ಚುದಿಲ್ಲ ಮಾರಾಯ್ರೆ. ನಾಚಿಕೆ ನಮಗೆ, ಅವನಿಗೆ ಬೇಜಾರಿಲ್ಲ.”

“ನಾನು ಹೇಳ್ಬೇಕಾದ್ದು ದೇವರ ಹತ್ರ ಅಲ್ಲ, ಹೆಂಡತಿ ಹತ್ರ.”

ಅವರು ಚಹಾದ ಲೋಟ ಕೆಳಗಿಟ್ಟರು. “ಅದು ಕಷ್ಟ ಉಂಟು,” ಎಂದರು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಅವಳ ಕಾಲಬೆರಳು. ಬೀಳುವುದಕ್ಕೆ ಅಷ್ಟೊಂದು ಶಬ್ದ ಕಲಿಸಿದ ನಾನು, ಬಿದ್ದವನು ಎದ್ದು ಬರುವುದಕ್ಕೊಂದು ಶಬ್ದವನ್ನು ತರಗತಿಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅಂಗಳಕ್ಕೆ ಕಾಲಿಡುವಾಗಲೇ ಚಮಚ ಲೋಟಕ್ಕೆ ತಾಗುವ ಸದ್ದು ಕೇಳಿಸಿತು.

“ಎಷ್ಟು ಹಾಕಿದೆ?”

“ಎರಡು. ಮಾತು ಅಂದರೆ ಮಾತು.”

“ತಪ್ಪಾಯ್ತು ಮಾರಾಯ್ತಿ. ಕೈಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ. ನಾಳೆಯಿಂದ ಪುನಃ ಸುರು ಮಾಡುವ.”

“ಅಷ್ಟು ಜನರೆದುರು ಗುಡುಗುವಾಗ ಈ ಸ್ವರ ಎಲ್ಲಿತ್ತು?” ಎಂದು ಅವಳು ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. ಇನ್ನೊಂದು ಗುಟುಕು ಕುಡಿದು ಪರೀಕ್ಷಿಸಿದಳು. “ಥೂ, ಪಾಯಸ! ಇದನ್ನು ಇಷ್ಟು ವರ್ಷ ಹೇಗೆ ಕುಡಿದೆ ನಾನು?” ಎಂದು ಲೋಟವನ್ನು ನನ್ನ ಕೈಗೆ ತುರುಕಿದಳು. ನಾನು ಶಿಕ್ಷೆಯೆಂದು ತಿಳಿದು ಪೂರ್ತಿ ಕುಡಿದೆ. ಚೆನ್ನಾಗಿತ್ತು.

ಮರುದಿನ ಬೆಳಗ್ಗೆ ದೀಪ ಹಚ್ಚಿ ಇಬ್ಬರೂ ಪುನಃ ಮಾತು ಕೊಟ್ಟೆವು. ಮುಂದಿನ ತಿಂಗಳು ಹುಣ್ಣು ಪೂರ್ತಿ ಒಣಗಿತು. ಆಮೇಲೆ ನಾನು ಎರಡು ಸಲ ತಪ್ಪಿದ್ದೇನೆ, ಅವಳು ತಪ್ಪಿಲ್ಲ.