ಬಣ್ಣ ಬಳಿಯದ ಪಡೆ

ಸಾತನೂರಿನಲ್ಲಿ ನನ್ನ ಸೋದರತ್ತೆಯ ಕೊಟ್ಟಿಗೆಯ ಹಿಂದೆ ಹಸುಗಳು ನೀರು ಕುಡಿಯುವ ಒಂದು ಕಲ್ಲುತೊಟ್ಟಿ ಇದೆ. ಹೋದ ಬೇಸಿಗೆಯಲ್ಲಿ ಅದರ ಪಾಚಿ ತೊಳೆಯಲು ಕೈಜೋಡಿಸಿದ್ದಾಗ, ತಳದ ತೂತಿಗೆ ಸಿಕ್ಕಿಸಿದ್ದ ಬಿರಡೆಯನ್ನು ಎಳೆದೆ. ಕೈಗೆ ಬಂದದ್ದು ಒಬ್ಬ ಮರದ ಯೋಧ. ತಲೆಕೆಳಗಾಗಿ, ಎದೆಮಟ್ಟ ತೂತಿನೊಳಗೆ ಇಳಿದು, ಎಷ್ಟೋ ವರ್ಷ ಅವನು ನೀರನ್ನು ತಡೆದು ನಿಂತಿದ್ದ. ತೋಳುಗಳಿರಲಿಲ್ಲ. ಮುಖ ಅಳಿಸಿಹೋಗಿತ್ತು. ಸೊಂಟದ ಸುತ್ತ ಮಾತ್ರ ಅರಗಿನ ಕೆಂಪು ಒಂದು ಪಟ್ಟಿಯಷ್ಟು ಉಳಿದಿತ್ತು.

“ಅದ್ಯಾಕವ್ವ ದೆವ್ವ ಕಂಡಂಗೆ ನಿಂತ್ಬುಟ್ಟೆ? ಚಿಕ್ಕೋಳಿದ್ದಾಗ ನೀನೇ ಇಲ್ಲಿ ಬುಟ್ಟೋದ ಬೊಂಬೆ ಅದು. ಒಸಿನೂ ಸೋರಾಕಿಲ್ಲ, ಅಷ್ಟು ಗಟ್ಟಿ ಐತೆ. ಮೊದ್ಲು ತೂತು ಮುಚ್ಚು,” ಎಂದರು ಅತ್ತೆ.

ನಾನು ಮುಚ್ಚಲಿಲ್ಲ. ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯ ಉಂಡೆಯನ್ನು ತೂತಿಗೆ ತುರುಕಿ, ಯೋಧನನ್ನು ಚೀಲಕ್ಕೆ ಹಾಕಿಕೊಂಡೆ.

ಅವನು ‘ಕೋಟೆ ಪಡೆ’ಯವನು. ನಾನು ಪ್ರಾಥಮಿಕ ಶಾಲೆಯಲ್ಲಿದ್ದ ಕಾಲದಲ್ಲಿ ಸರ್ಕಾರದ ಒಂದು ಯೋಜನೆಯಡಿ ಚನ್ನಪಟ್ಟಣದ ತರಬೇತಿ ಕೇಂದ್ರದಲ್ಲಿ ಈ ಪಡೆ ತಯಾರಾಗುತ್ತಿತ್ತು. ಮಾಗಡಿ ಕೋಟೆಯ ಬುರುಜನ್ನು ಹೋಲುವ ದುಂಡು ರುಮಾಲು, ಭುಜದಲ್ಲಿ ತಿರುಗುವ ತೋಳು, ಮುಷ್ಟಿಯ ತೂತಿಗೆ ಈಟಿಯೋ ಕತ್ತಿಯೋ ಬಾವುಟವೋ. ಪ್ಲಾಸ್ಟಿಕ್ಕಿನ ವೀರರು ಅಂಗಡಿಗಳ ಗಾಜಿನ ಹಿಂದೆ ಮೆರೆಯುತ್ತಿದ್ದಾಗ, ಇವರು ಬಸ್ ನಿಲ್ದಾಣದ ಮಳಿಗೆಯಲ್ಲಿ ತೊಟ್ಟಿಲ ಗಿಲಕಿಗಳ ನಡುವೆ ಧೂಳು ತಿನ್ನುತ್ತಿದ್ದರು. ಆಮೇಲೆ ಅದರ ಕವಲುಗಳು ಬಂದವು: ರಣಹದ್ದನ್ನು ಹೆಗಲ ಮೇಲೆ ಕೂರಿಸಿಕೊಂಡ, ರಾಮನಗರದ ಬಂಡೆಗಳನ್ನು ಹತ್ತುವ ‘ಬೆಟ್ಟದ ಪಡೆ’, ಅದರ ಹಿಂದೆಯೇ, ಯುದ್ಧವೇ ಗೊತ್ತಿಲ್ಲದ ‘ಸಂತೆ ಪಡೆ’. ಹಾಲಿನ ಕ್ಯಾನಿನ ಹೆಂಗಸು, ಬಳೆ ಮಾರುವವನು, ನೂಲು ತೆಗೆಯುವವಳು.

ಈ ಮೂರೂ ಪಡೆಗಳ ಪ್ರತಿಭೆ ಇದ್ದದ್ದು ಭುಜದಲ್ಲಿ. ಯಾರ ತೋಳು ಯಾರ ಮೈಗಾದರೂ ಹೊಂದುತ್ತಿತ್ತು. ಹಾಲಿನವಳಿಗೆ ಸೇನಾಪತಿಯ ಕತ್ತಿಗೈ ಕೊಡಬಹುದಿತ್ತು. ಸೇನಾಪತಿಯನ್ನು ಬಳೆ ಮಾರಲು ಕಳಿಸಬಹುದಿತ್ತು. ನಾನು ಎರಡನ್ನೂ ಮಾಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಕರಕುಶಲ ಪರಂಪರೆಯ ಬಗ್ಗೆ ಅಧ್ಯಾಪಕರು ತೋರಿಸಿದ ಚಿತ್ರಗಳಲ್ಲಿ ಚನ್ನಪಟ್ಟಣವೆಂದರೆ ತೂಗುಕುದುರೆ ಮತ್ತು ತಲೆಯಾಡಿಸುವ ದಂಪತಿ, ಅಷ್ಟೆ. ಸಾಮಾಜಿಕ ಶ್ರೇಣಿಯನ್ನು ಒಂದು ಮರದ ಗೂಟದಿಂದ ಅಲುಗಾಡಿಸಿದ ಆಟಿಕೆಗೆ ಆ ವಿದ್ವತ್ತಿನಲ್ಲಿ ಒಂದು ಅಡಿಟಿಪ್ಪಣಿಯೂ ಇರಲಿಲ್ಲ.

ಆ ಪಡೆಗಳನ್ನು ರೂಪಿಸಿದ ಕಸುಬುದಾರರು ಚನ್ನಪಟ್ಟಣದಲ್ಲಿ ಇನ್ನೂ ಮರ ಕಡೆಯುತ್ತಿದ್ದಾರೆಂದು ಮಳಿಗೆಯವರು ಹೇಳಿದರು. ವಯಸ್ಸಾದ ಒಬ್ಬ ಸಾಬರು. ನಾನು ಹೋದಾಗ ಲೇತ್‌ನ ಮುಂದೆ ಕೂತು ಕೀಲಿಗೊಂಚಲಿಗೆ ತೂಗಿಸುವ ಗೋಲಿಗಾತ್ರದ ಗುಂಡುಗಳನ್ನು ಸಾಲುಸಾಲಾಗಿ ಕಡೆಯುತ್ತಿದ್ದರು. ಯೋಧನನ್ನು ಅವರ ಅಂಗೈಯಲ್ಲಿಟ್ಟೆ.

“ಅರೆ! ಎಲ್ಲಿದ್ದ ಈ ಬದ್ಮಾಶ್?”

“ಹಸುವಿನ ತೊಟ್ಟೀಲಿ ಚಾಚಾ. ಬಿರಡೆಯಾಗಿದ್ದ.”

ಅವರು ಕೆಮ್ಮು ಬರುವವರೆಗೂ ನಕ್ಕರು. “ನೌಕ್ರಿ ಸಿಕ್ಕಿತ್ತಲ್ಲಮ್ಮ ಇವನಿಗೆ! ನಮ್ಮೂರಲ್ಲಿ ಎಷ್ಟು ಜನಕ್ಕೆ ಸಿಕ್ಕೈತೆ?”

ಮತ್ತೆ ಮಾಡಬಹುದೇ ಎಂದು ಕೇಳಿದೆ. ಅವರ ನಗು ನಿಂತಿತು. ಯೋಧನ ಭುಜದ ತೂತಿಗೆ ಕಿರುಬೆರಳ ಉಗುರನ್ನು ಇಳಿಸಿ ನೋಡಿದರು. ನೀರು ಕುಡಿದು ಅದು ಬಾಯಿ ಬಿಟ್ಟಿತ್ತು.

“ಸವೆದದ್ದನ್ನ ನೋಡ್ಕೊಂಡು ಕಡೆದ್ರೆ ಸವೆದದ್ದೇ ಹುಟ್ಟತ್ತೆ. ನಂಗೆ ಮಾದರಿ ಬೇಕು.”

ಇಲ್ಲಿನ ಕಸುಬಿನ ಕ್ರಮ ಹಾಗೆ. ಹೊಸ ಬೊಂಬೆಯ ಪ್ರತಿಯೊಂದು ಭಾಗವನ್ನೂ ಒಂದು ಮೂಲ ಮಾದರಿಯ ಪಕ್ಕಕ್ಕಿಟ್ಟು, ಅದರ ಮೈಗೆ ಮೈ ಹೊಂದಿಸಿ ಕಡೆಯುತ್ತಾರೆ. ಒಂದು ಪ್ರತಿಯಿಂದ ಇನ್ನೊಂದು ಪ್ರತಿ ಎಂದೂ ಹುಟ್ಟಬಾರದು. ಕೂದಲೆಳೆಯ ತಪ್ಪು ಪೀಳಿಗೆಯಿಂದ ಪೀಳಿಗೆಗೆ ಬೆಳೆದು ಕೊನೆಗೆ ತೋಳು ಭುಜಕ್ಕೆ ಕೂರುವುದೇ ಇಲ್ಲ. ಮಾದರಿಗೆ ಅರಗಿನ ಬಣ್ಣವನ್ನೂ ಹಚ್ಚುವಂತಿಲ್ಲ, ಏಕೆಂದರೆ ಬಣ್ಣವೂ ದಪ್ಪವೇ. ಹಾಗಾಗಿ ಮೂರೂ ಪಡೆಗಳ ಮೂಲಗಳು ಹಾಲೆಮರದ ಸಹಜ ಬಿಳುಪಿನಲ್ಲಿ, ಕಣ್ಣು ಮೂಗಿಲ್ಲದೆ, ಬೋಳಾಗಿ ಇದ್ದವು. ಯೋಜನೆ ಮುಗಿದ ದಿನ ಅವನ್ನು ಪ್ರದರ್ಶನಕ್ಕಿಡುತ್ತೇವೆಂದು ಕೇಂದ್ರದ ಕಚೇರಿಯವರು ಗೋದಾಮಿನಲ್ಲಿಟ್ಟು ಬೀಗ ಹಾಕಿದ್ದರು. ಚಾಚಾ ಎಷ್ಟೋ ಸಲ ಹೋಗಿ ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದರು.

“ನೀನು ಓದಿದೋಳು, ನಿನ್ ಮಾತು ಕೇಳ್ತಾರೆ. ಮಾದರಿ ತಂದ್ಕೊಡು, ನಾಳೇನೇ ಶುರು ಮಾಡ್ತೀನಿ. ಕೈ ನಡುಗೋ ಮುಂಚೆ ತಾ ಬೇಟಿ.”

ನಾನು ಕಚೇರಿಗೆ ಹೋದೆ. ಅಧಿಕಾರಿ ಸಭ್ಯರು; ಕುರ್ಚಿ ತೋರಿಸಿದರು.

“ಹಳೇ ಗೋಡೌನ್ ಹೋದ ವರ್ಷವೇ ಕ್ಲಿಯರ್ ಮಾಡಿಸಿದ್ವಿ ಮೇಡಂ. ಬಣ್ಣದ ಪೀಸೆಲ್ಲ ಜೋಪಾನವಾಗಿ ತೆಗೆದಿಟ್ಟು, ಬಂದ ಗಣ್ಯರಿಗೆಲ್ಲ ಸ್ಮರಣಿಕೆಯಾಗಿ ಕೊಟ್ಟಿದ್ದೀವಿ.”

“ಬಣ್ಣ ಇಲ್ಲದವು?”

“ಅವು ಅರ್ಧಂಬರ್ಧ ಮಾಲು. ಬಣ್ಣಾನೇ ಇಲ್ಲ, ಮುಖಾನೇ ಇಲ್ಲ, ಬೊಂಬೆ ಹೇಗಾಗತ್ತೆ? ರಾಮನಗರದ ರೇಷ್ಮೆ ರೀಲರ್ ಒಬ್ರು ಸೌದೆಗೆ ಅಂತ ತಗೊಂಡು ಹೋದ್ರು.”

“ಅವು ಮಾದರಿಗಳು ಸಾರ್. ಅವನ್ನ ನೋಡಿಯೇ ಉಳಿದದ್ದೆಲ್ಲ ಆಗಿದ್ದು. ಸೌದೆ ಅಂತ ತೀರ್ಮಾನಿಸಿದ್ದು ಯಾರು?”

“ಆಫೀಸು.”

“ಆಫೀಸಿನಲ್ಲಿ ಯಾರು?”

ಅವರು ಗಂಟೆ ಒತ್ತಿದರು. “ಕಾಫಿ ಕುಡೀತೀರಾ ಮೇಡಂ?”

ಆ ಕಾಫಿಯನ್ನು ನಾನು ಮುಟ್ಟಲಿಲ್ಲ. ಈ ನಾಡಿನಲ್ಲಿ ನಾಶಕ್ಕೆ ಎಂದೂ ಒಬ್ಬ ಕರ್ತೃ ಸಿಗುವುದಿಲ್ಲ. ಉದ್ಘಾಟನೆಯ ಶಿಲಾಫಲಕದಲ್ಲಿ ಹೆಸರುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಗೋದಾಮಿನ ಬಾಗಿಲು ತೆರೆದು, ‘ಇದು ಬೇಕು, ಇದು ಬೇಡ’ ಎಂದು ಬೆರಳು ತೋರಿಸಿದವನಿಗೆ ಮಾತ್ರ ಹೆಸರಿಲ್ಲ. ಆತನಿಗೆ ಬೊಂಬೆಯ ಬಗ್ಗೆ ಗೊತ್ತಿರಲಿಲ್ಲ ಎಂಬುದನ್ನು ಕ್ಷಮಿಸಬಲ್ಲೆ. ಬೊಂಬೆ ಮಾಡುವವರ ಊರಿನಲ್ಲೇ ಕೂತು, ಕೂಗಳತೆಯಲ್ಲಿದ್ದ ಒಬ್ಬ ಕಸುಬುದಾರನನ್ನೂ ಕೇಳದೆ ತೀರ್ಮಾನಿಸಿದ್ದನ್ನು ಕ್ಷಮಿಸಲಾರೆ. ಆ ಬೆರಳು ಯಾರದು? ಬರಹದಲ್ಲಿ ಕೇಳಿದ್ದೇನೆ, ಎದುರು ನಿಂತು ಕೇಳಿದ್ದೇನೆ, ಈಗ ಇಲ್ಲಿಯೂ ಕೇಳುತ್ತಿದ್ದೇನೆ.

ಉರಿಯದೆ ಉಳಿದದ್ದು ಏನಾದರೂ ಇದ್ದೀತೆಂದು ರಾಮನಗರಕ್ಕೆ ಹೋದೆ. ಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಆ ರೀಲಿಂಗ್ ಘಟಕ. ಕುದಿಯುವ ನೀರಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿದ್ದವು. ಒಲೆಯ ಮುಂದಿದ್ದ ಮನೆಯೊಡತಿ ಸೆರಗಿನಿಂದ ಮುಖ ಒರೆಸಿಕೊಂಡು ನೆನಪಿಸಿಕೊಂಡರು.

“ಹೌದಮ್ಮ, ಬಿಳೀ ಮರದ್ದು. ಗುಂಡುಗುಂಡು ತಲೆ, ಚಿಕ್ಕ ಚಿಕ್ಕ ಕೈ. ಚೆನ್ನಾಗಿ ಒಣಗಿತ್ತು, ಹೊಗೇನೇ ಇಲ್ಲ.”

“ಒಂದಾದರೂ ಉಳಿದಿದೆಯಾ ಆಪಾ? ಒಂದು ತೋಳು?”

“ಸೌದೆ ಉಳಿಸಿ ಏನ್ ಮಾಡ್ಲಮ್ಮ?” ನನ್ನ ಮುಖ ನೋಡಿ ಅವರ ದನಿ ಇಳಿಯಿತು. “ಬಣ್ಣ ಇದ್ದಿದ್ರೆ ನಾವು ತಗೊಳ್ತಾನೇ ಇರ್ಲಿಲ್ಲ. ಅರಗು ಉರಿದ್ರೆ ವಾಸ್ನೆ, ತಲೆ ಸುತ್ತತ್ತೆ. ಯಾರಾದ್ರೂ ಒಂದ್ ಮಾತು ಹೇಳಿದ್ರೆ ಇಟ್ಕೋತಿದ್ವಿ.”

ಒಲೆಯ ಬೂದಿಯನ್ನು ಅವರು ಪಾತ್ರೆ ತಿಕ್ಕಲು ಮೂಲೆಯಲ್ಲಿ ರಾಶಿ ಹಾಕಿದ್ದರು. ಅದನ್ನು ಕೆದಕುವ ಆಸೆಯಾಯಿತು. ಕೆದಕಲಿಲ್ಲ.

ಚಾಚಾರಿಗೆ ಹೇಳುವುದಕ್ಕೆ ಮಾತು ಹೊಂದಿಸಿಕೊಂಡು ಹೋಗಿದ್ದೆ. ಆದರೆ ಬರಿಗೈ ನೋಡಿಯೇ ಅವರಿಗೆ ತಿಳಿಯಿತು.

“ಒಲೆಗಾ?”

“ಒಲೆಗೆ, ಚಾಚಾ.”

ಲೇತ್ ತನ್ನ ಪಾಡಿಗೆ ತಿರುಗುತ್ತಿತ್ತು. ಅವರು ಅದನ್ನು ನಿಲ್ಲಿಸಿ, ನೆಲದ ಮೇಲಿನ ಸಿಪ್ಪೆಯನ್ನು ಕಾಲಿನಿಂದ ಒಂದು ಕಡೆಗೆ ತಳ್ಳಿದರು. ಕಣ್ಣಂದಾಜಿನಲ್ಲಿ ಹೊಸ ಮಾದರಿ ಮಾಡಲಾಗದೇ ಎಂದು ಕೇಳಿದೆ.

“ಮಾಡಬಹುದು. ಒಂದು ಮೈ, ಅದಕ್ಕೆ ಎರಡು ಕೈ. ಇವನ ಕೈ ಅವಳಿಗೆ, ಅವಳ ಕೈ ಇವನಿಗೆ ಕೂರತ್ತಾ? ಆ ಭುಜ ಹಿಡಿಯೋಕೆ ನಂಗೆ ಆರು ತಿಂಗಳಾಗಿತ್ತು, ಆಗ ಕಣ್ಣಿತ್ತು. ಈಗ ಮಾಡಿದ್ರೆ ಬೊಂಬೆ ಆಗತ್ತೆ ಬೇಟಿ. ಪಡೆ ಆಗಲ್ಲ.”

ನನ್ನ ಚೀಲದತ್ತ ನೋಡಿ ಅವರೇ ಕೇಳಿದರು. “ಆ ತೊಟ್ಟಿ ತೂತಿಗೆ ಈಗ ಏನಿಟ್ಟಿದ್ದೀಯ?”

“ಬಟ್ಟೆ.”

“ಸೋರತ್ತೆ. ತಾ ಇಲ್ಲಿ ಅವನನ್ನ.”

ಯೋಧನ ಎದೆಯ ಸುತ್ತಳತೆ ಹಿಡಿದು, ಒಂದು ತುಂಡು ಹಾಲೆಮರವನ್ನು ಲೇತ್‌ಗೆ ಸಿಕ್ಕಿಸಿದರು. ಮೇಲೆ ಅಗಲ, ಕೆಳಗೆ ಕಿರಿದಾದ ಬಿರಡೆ. ಅರಗಿನ ಕಡ್ಡಿ ಒತ್ತಿದಾಗ ಕೆಂಪು ಕರಗಿ ಹರಡಿತು. ಒಣ ತಾಳೆಗರಿಯಿಂದ ಉಜ್ಜಿ ಹೊಳಪು ತಂದರು. ಕೋಟೆ ಪಡೆಯ ಕೆಂಪು ಅದು, ಅದೇ ಕೆಂಪು. ಇಷ್ಟು ಬಣ್ಣವಿರುವ ವಸ್ತುವನ್ನು ಆ ಕಚೇರಿಯವರು ಖಂಡಿತ ಜೋಪಾನ ಮಾಡುತ್ತಿದ್ದರು.

ಸಾತನೂರಿಗೆ ಹೋಗಿ ಅತ್ತೆಯ ಕೈಗೆ ಅದನ್ನು ಕೊಟ್ಟೆ. ತೊಟ್ಟಿಯ ಸುತ್ತ ನೆಲ ಕೆಸರಾಗಿತ್ತು. ಅವರು ಬಟ್ಟೆಯ ಉಂಡೆಯನ್ನು ಕಿತ್ತೆಸೆದು, ಹೊಸ ಬಿರಡೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಚೆಂದಾಗೈತೆ. ಆದ್ರೆ ಇದ್ಕೆ ಮೊಖವೇ ಇಲ್ವಲ್ಲವ್ವ.”

“ಇಲ್ಲ ಅತ್ತೆ.”

“ಬುಡು, ನೀರು ನಿಂತ್ರೆ ಸಾಕು,” ಎಂದು ಅದನ್ನು ತೂತಿಗಿಟ್ಟು ಅಂಗೈಯಿಂದ ಗುದ್ದಿದರು.