ಯಂಕಂಚಿ ಅಂಗನವಾಡಿಯ ಸಗಣಿ ಪಾಂಡವರು

ಯಂಕಂಚಿಯ ಅಂಗನವಾಡಿ ಟೀಚರ್ ಚಂದವ್ವನಿಗೆ ಮಕ್ಕಳ ಮುಂದೆ ‘ಬ್ಯಾಡ’ ಅನ್ನಲು ಬಾಯೇ ಬರುತ್ತಿರಲಿಲ್ಲ. ಒಮ್ಮೆ ಕುರಿಗಾರರ ಮನೆಯ ಅಮಸಿದ್ದ ತನ್ನ ಆಡಿನ ಮರಿಯನ್ನೂ ಕಲಿಯಲಿಕ್ಕೆ ಕರೆತಂದ. ಚಂದವ್ವ ಅದಕ್ಕೂ ಒಂದು ಚಾಪೆ ಹಾಸಿದಳು. ಅದು ಗೋಡೆಯ ಮೇಲಿನ ಹಣ್ಣಿನ ಚಾರ್ಟನ್ನು ಬಾಳೆಯಿಂದ ಮಾವಿನವರೆಗೆ ತಿಂದು ಮುಗಿಸಿತು. ಅಡುಗೆಯ ಜೋಹರಾಬಿ ರೇಗಿದರೆ, ಹಣ್ಣಿನ ಗುರುತಾದರೂ ಹತ್ತಿತಲ್ಲ ಎಂದು ಚಂದವ್ವ ಸಮಾಧಾನ ಹೇಳಿದಳು. ತವರು ಹೂವಿನ ಹಿಪ್ಪರಗಿಯಲ್ಲಿದ್ದಾಗ ಮನೆಯ ಎಮ್ಮೆಗಳಿಗೆ ಕಾಗುಣಿತ ಕಲಿಸಿದವಳು ಅವಳು. ಮಕ್ಕಳು ಎಮ್ಮೆಗಿಂತ ಜಾಸ್ತಿ ಪ್ರಶ್ನೆ ಕೇಳುತ್ತವೆ, ಅಷ್ಟೇ ಫರಕು ಎನ್ನುತ್ತಿದ್ದಳು.

ಈ ಸಲ ದೀಪಾವಳಿಗೆ ಮುಂಚೆ ಸಿಂದಗಿಯಿಂದ ಸೂಪರ್‌ವೈಸರ್ ಮೃಣಾಲಿನಿ ಬರುವವರಿದ್ದರು. ಹಬ್ಬದ ಆಟದೊಳಗೇ ಮಕ್ಕಳಿಗೆ ಐದರವರೆಗೆ ಎಣಿಕೆ ಕಲಿಸಿರಬೇಕು ಎಂದು ಫೋನಿನಲ್ಲಿ ಹೇಳಿದ್ದರು. ಚಂದವ್ವ ಬಹಳ ಯೋಚಿಸಲಿಲ್ಲ. ಪಾಡ್ಯದ ದಿನ ಮನೆಮನೆಯ ಹೊಸ್ತಿಲಲ್ಲಿ ಸಗಣಿಯಲ್ಲಿ ಮಾಡಿದ ಪಾಂಡವರು ಪೂಜೆಗೆ ಕೂಡುವುದು ಇದ್ದದ್ದೇ. ಐವರೆಂದರೆ ಐವರೇ. ಅಮಸಿದ್ದನ ಅಜ್ಜ ಮಾಳಿಂಗರಾಯ ಬುಟ್ಟಿ ತುಂಬ ಸಗಣಿ ತಂದು ಅಂಗಳದಲ್ಲಿ ಸುರಿದು ಹೋದ.

ಐದು ಮುದ್ದೆ ಮಾಡಿ, ತಲೆಗೊಂದು ಚೆಂಡುಹೂ ಸಿಗಿಸಿ, ಮಕ್ಕಳೆಲ್ಲ ಚಂದವಾಗಿ ಎಣಿಸಿದರು. ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜಾಸ್ಮಿನ ಎಂಬ ಪುಟ್ಟ ಹುಡುಗಿ, ಇವರ ಅಬ್ಬಾ ಎಲ್ಲಿ ಎಂದು ಕೇಳಿದಳು. ಊರಾಗಿಲ್ಲ ಎಂದಳು ಚಂದವ್ವ. ಹಾಗಾದರೆ ಮಾಡಲಾ ಎಂದಳು ಜಾಸ್ಮಿನ. ಮಾಡವ್ವ ಎಂದಳು ಚಂದವ್ವ.

ಪಾಂಡುರಾಜ ಎದ್ದು ಕೂತದ್ದೇ ತಡ, ಉಳಿದವರೂ ಸಗಣಿಗೆ ಕೈ ಹಾಕಿದರು. ತೊಗರಿ ಹೊಲಕ್ಕೆ ಹೋದ ಅವ್ವಂದಿರು ಬಂದರು, ಬಸ್ಸು ಓಡಿಸುವ ಕಾಕಾ ಬಂದ, ಸ್ಟೇರಿಂಗೂ ಬಂತು. ಹೊಸ್ತಿಲು ತುಂಬಿ, ಮೆಟ್ಟಿಲು ತುಂಬಿ, ಸಗಣಿಯ ಊರು ಅಂಗಳಕ್ಕಿಳಿಯಿತು.

ಮಧ್ಯಾಹ್ನ ಬಂದ ಮೃಣಾಲಿನಿಗೆ ಒಳಗೆ ಹೋಗಲು ಹಾದಿ ಸಿಗಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದೇ ಕಾಲಿನ ಮೇಲೆ ನಿಂತರು.

“ಐದು ಅಂತ ಹೇಳಿದ್ದೆ, ಚಂದವ್ವ. ಇಲ್ಲಿ ಕೌರವರೂ ಬಂದಂಗ ಕಾಣಸ್ತದ.”

ಚಂದವ್ವ ಬಾಯಿ ತೆರೆಯುವ ಮೊದಲೇ ಅಮಸಿದ್ದ ಒಬ್ಬೊಬ್ಬರ ಪರಿಚಯ ಮಾಡಿಸತೊಡಗಿದ. ಕೊನೆಗೆ, ಕಡ್ಡಿಯ ಕನ್ನಡಕ ಹಾಕಿಕೊಂಡ ಎಲ್ಲಕ್ಕಿಂತ ದೊಡ್ಡ ಮುದ್ದೆಯನ್ನು ತೋರಿಸಿ, ಇದು ನೀವೇ ಎಂದ.

ಮೃಣಾಲಿನಿ ಬಗ್ಗಿ ನೋಡಿದರು. “ನಾ ಇಷ್ಟು ದಪ್ಪ ಇದ್ದೀನೇನೋ?”

“ಸಗಣಿ ಬಾಳ ಉಳದಿತ್ರಿ.”

ಹೀಗೆಂದವನೇ ಅಮಸಿದ್ದ ಆ ಮುದ್ದೆಯನ್ನು ಎತ್ತಿ, ಕನ್ನಡಕ ಕಿತ್ತು, ಮುಂದೆ ಕೂತು ನಾಯಿ ಮಾಡತೊಡಗಿದ. ದಪ್ಪ ಮಾಡಿದ್ದಕ್ಕಿಂತ ನಾಯಿ ಮಾಡಿದ್ದಕ್ಕೆ ಮೃಣಾಲಿನಿಗೆ ಹೆಚ್ಚು ನೋವಾಯಿತು. ಯಾಕೆ ಕೆಡಿಸಿದೆ ಎಂದು ಕೇಳಿದರು.

“ನೀವು ಬಂದ್ರಲ್ರಿ. ನಾವು ಇಲ್ಲದವರನ್ನಷ್ಟ ಮಾಡೇವಿ.”

ಚಂದವ್ವ ಬೆಳಗಿನಿಂದ ಆ ಗುಂಪಿನಲ್ಲಿ ತನ್ನನ್ನು ಹುಡುಕುತ್ತಿದ್ದಳು. ಬಸ್ಸಿನ ಕಾಕಾ ಇದ್ದಾನೆ, ಹಾಲಿನವನಿದ್ದಾನೆ, ತಾನೊಬ್ಬಳೇ ಇಲ್ಲವೆಂದು ಒಳಗೊಳಗೇ ಮುನಿಸಿತ್ತು. ಈಗ ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದವಳಿಗೆ ಮುಖ ಒರೆಸಿಕೊಂಡು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಮಕ್ಕಳನ್ನು ಕರೆದೊಯ್ಯಲು ಮನೆಯವರು ಬರತೊಡಗಿದರು. ಒಬ್ಬೊಬ್ಬರು ಬಂದಂತೆ ಅವರವರ ಮಗು ಖುಷಿಯಿಂದ ಓಡಿಹೋಗಿ ಅವರವರ ಮುದ್ದೆಯನ್ನು ಪಚಕ್ಕೆಂದು ತುಳಿಯಿತು. ಬಾರದೇ ಉಳಿದವರನ್ನು ಮಕ್ಕಳು ಅಂಗೈಯಲ್ಲಿ ಕೂರಿಸಿಕೊಂಡು ಮನೆಗೆ ಒಯ್ದರು. ಕಡೆಗೆ ಹೊಸ್ತಿಲಲ್ಲಿ ಆರು ಮಂದಿ ಉಳಿದರು. ಮೃಣಾಲಿನಿ ಎರಡು ಸಲ ಎಣಿಸಿ, ಆರನೆಯವ ಯಾರು ಎಂದರು. ಪಾಂಡವರ ಅಬ್ಬಾ, ಇನ್ನೂ ಬಂದಿಲ್ಲ ಎಂದಳು ಜಾಸ್ಮಿನ. ಮೃಣಾಲಿನಿ ನಗು ತಡೆದು, ಯಂಕಂಚಿಯಲ್ಲಿ ಆರರವರೆಗೆ ಕಲಿಸಿದ್ದಾರೆಂದು ತಿಳಿಯುತ್ತೇನೆ ಎಂದು ಹೇಳಿ ಬಸ್ಸು ಹತ್ತಿದರು.

ಮೊಮ್ಮಗನನ್ನು ಕರೆಯಲು ಬಂದ ಮಾಳಿಂಗರಾಯನೊಬ್ಬನೇ ತನ್ನ ಮುದ್ದೆಯನ್ನು ತುಳಿಸಲು ಒಪ್ಪಿರಲಿಲ್ಲ. ತನ್ನ ಮೀಸೆ ಬಹಳ ಚೊಲೋ ಬಂದಿದೆ ಎಂದು ತನ್ನನ್ನು ತಾನೇ ರುಮಾಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದ. ಪಾಡ್ಯದ ಬೆಳಿಗ್ಗೆ ಅವನ ಹೆಂಡತಿ ಐವರು ಪಾಂಡವರ ಮುಂದೆ ಮೊಸರನ್ನ ಇಟ್ಟಳು. ಪಕ್ಕದಲ್ಲಿ ಕೂತಿದ್ದ ಸಗಣಿಯ ಗಂಡನ ಮುಂದೆ ಒಂದು ಚಿಟಿಕೆ ತಂಬಾಕು ಇಟ್ಟು ಒಳಗೆ ಹೋದಳು.